ಮಾವ ಕಟ್ಟಿದ ಗಾಡಿ

ನೇಸರಗಿಯಲ್ಲಿ ನಮ್ಮ ಸೋದರಮಾವನ ಮನೆಯ ಪಡಸಾಲೆಯಲ್ಲಿ, ದೇವರ ಪಟಗಳ ಸಾಲು ಮುಗಿಯುವಲ್ಲಿ, ಒಂದು ಚಿಕ್ಕ ಚೌಕಾದ ಕಪ್ಪು-ಬಿಳುಪು ಫೋಟೋ ಇದೆ. ಬೇವಿನ ಮರದ ನೆರಳಲ್ಲಿ ಒಂದು ಪುಟ್ಟ ಕಾರು. ಮುಂದೆ ಒಂದೇ ಗಾಲಿ, ಹಿಂದೆ ಎರಡು. ಅದರ ನೆತ್ತಿಯ ಮೇಲೆ ಕೈಯಿಟ್ಟು ಟೋಪಿ ಹಾಕಿದ ಮಾವ ನಿಂತಿದ್ದಾನೆ. ಬಾಗಿಲ ಹತ್ತಿರ ತಲೆಯ ಮೇಲೆ ಸೆರಗು ಹೊದ್ದ ಅತ್ತಿ, ಅವಳ ಬಗಲಲ್ಲಿ ನನ್ನ ತಮ್ಮ. ಅಂಚಿನಲ್ಲಿ ಅರ್ಧ ಕತ್ತರಿಸಿ ಹೋದ ಲಂಗದ ಹುಡುಗಿ ನಾನು.

'ಮಾವ ಕಟ್ಟಿದ ಗಾಡಿ' ಎಂದೇ ಅದು ನಮ್ಮ ಮನೆತನದಲ್ಲಿ ಪ್ರಸಿದ್ಧ. ರಸ್ತೆಯ ಬದಿಗೆ ಮಾವನದೊಂದು ದುರಸ್ತಿ ಅಂಗಡಿ ಇತ್ತು. ನೀರೆತ್ತುವ ಎಂಜಿನ್, ಸೈಕಲ್, ಸ್ಟೋವ್, ಹೊಲಿಗೆ ಯಂತ್ರ, ಏನು ಕೆಟ್ಟರೂ ಜನ ಅವನಲ್ಲಿಗೇ ತರುತ್ತಿದ್ದರು. ಅಂಥವನು ಒಂದು ಕಾರನ್ನೇ ಕಟ್ಟಿದನೆಂದರೆ ನಂಬದಿರಲು ಕಾರಣವೇನು? ನಾವು ಮಕ್ಕಳೆಲ್ಲ ಶಾಲೆಯಲ್ಲಿ ಈ ಮಾತು ಹೇಳಿ ಬೀಗಿದವರೇ. ನನ್ನ ಮಕ್ಕಳೂ ಬೀಗಿದರು.

ಮಾವ ತೀರಿಕೊಂಡು ಬಹಳ ವರ್ಷಗಳಾದವು. ಊರವರು ಜಾತ್ರೆಯ ನಿಮಿತ್ತ ಒಂದು ಸ್ಮರಣ ಸಂಚಿಕೆ ತರುವುದೆಂದು ನಿಶ್ಚಯಿಸಿ ಹಳೆಯ ಫೋಟೋಗಳನ್ನು ಕೇಳಿದಾಗ ಮಾವನ ಮಗ ಇದನ್ನೇ ತೆಗೆದುಕೊಟ್ಟ. ಕೆಳಗೆ ಹಾಕಬೇಕಾದ ಸಾಲನ್ನೂ ಅವನೇ ಬರೆದಿದ್ದ: 'ನೇಸರಗಿಯಲ್ಲಿ ತಯಾರಾದ ಮೊದಲ ಕಾರು.' ಇತಿಹಾಸ ಓದಿದವಳೆಂದು ನನಗೆ ಕಳಿಸಿ, "ಅಕ್ಕಾ, ಒಮ್ಮೆ ನೋಡಿ ಹೂಂ ಅನ್ನು" ಎಂದ. ಹೂಂ ಅನ್ನುವುದು ಸುಲಭವಿತ್ತು. ಆದರೆ ಮನೆಯ ಮಾತು ಮನೆಯಲ್ಲಿರುವವರೆಗೆ ಕತೆ. ಅಚ್ಚಾದ ಮೇಲೆ ಅದು ಇತಿಹಾಸ. ರಟ್ಟರ ಕಾಲದ ಶಾಸನದಲ್ಲಿ ಹೆಸರು ಬರುವ ಊರು ನಮ್ಮದು. ಕಲ್ಲಿನ ಮೇಲೆ ಒಂದು ಅಕ್ಷರ ತಪ್ಪಿದರೆ ಎಂಟುನೂರು ವರ್ಷ ತಪ್ಪಾಗಿಯೇ ಉಳಿಯುತ್ತದೆ. ಎಂಟು ದಿನದ ಗಡುವು ಕೇಳಿದೆ.

ಮೊದಲು ಫೋಟೋದ ವಯಸ್ಸು. ಹಿಂಬದಿಯಲ್ಲಿ ತಾರೀಖು ಇರಲಿಲ್ಲ. ಚೌಕಾದ ಆಕಾರದಿಂದ ಅದು ಆಗ ಅನೇಕ ಮನೆಗಳಲ್ಲಿದ್ದ ಆಗ್ಫಾ ಕ್ಲಿಕ್ ಥರದ ಕ್ಯಾಮೆರಾದ್ದು ಎನಿಸಿತು. ಒಂದು ರೀಲಿಗೆ ಹನ್ನೆರಡೇ ಚಿತ್ರ, ಆದ್ದರಿಂದ ಸುಮ್ಮಸುಮ್ಮನೆ ಯಾರೂ ತೆಗೆಯುತ್ತಿರಲಿಲ್ಲ. ಉಳಿದ ಲೆಕ್ಕಕ್ಕೆ ಹೆಂಗಸರ ಪಂಚಾಂಗವೇ ಸಾಕು. ತಮ್ಮ ಹುಟ್ಟಿದ್ದು 1979ರಲ್ಲಿ. ಚಿತ್ರದಲ್ಲಿ ಅವನಿಗೆ ಜಾವಳ ಆಗಿದೆ, ಬಗಲಲ್ಲಿ ನೆಟ್ಟಗೆ ಕೂತಿದ್ದಾನೆ. ಅಂದರೆ 1981ರ ಆಚೀಚೆ.

ಆಮೇಲೆ ನಂಬರು ಪಟ್ಟಿ. ಅತ್ತಿಯ ಸೆರಗು ಅದನ್ನು ಮುಚ್ಚಿಬಿಟ್ಟಿದೆ. ಭೂತಗನ್ನಡಿ ಹಿಡಿದಾಗ ಮೊದಲಿನ 'ಎಂ' ಅಕ್ಷರವೊಂದೇ ಕಂಡಿತು. 1989ರಲ್ಲಿ ಈಗಿನ ಪದ್ಧತಿ ಬಂದ ಮೇಲೆ 'ಕೆಎ 22' ಎಂದರೆ ಬೆಳಗಾವಿ, 'ಕೆಎ 24' ಎಂದರೆ ಬೈಲಹೊಂಗಲ ಎಂದು ಮಕ್ಕಳೂ ಹೇಳುತ್ತಾರೆ. ಅದಕ್ಕೂ ಮೊದಲು ನಮ್ಮ ಗಾಡಿಗಳ ಮೇಲೆ ಹಳೆಯ ಮೈಸೂರು ರಾಜ್ಯದ 'ಎಂ' ಇರುತ್ತಿತ್ತು, ಮಹಾರಾಷ್ಟ್ರದ ಗಾಡಿಗಳ ಮೇಲೂ 'ಎಂ' ಇರುತ್ತಿತ್ತು. ಗಡಿಯ ಈಚೆಯದೋ ಆಚೆಯದೋ ಒಂದಕ್ಷರದಿಂದ ತಿಳಿಯುವಂತಿರಲಿಲ್ಲ.

ಆಚೆ ಎಂದಾಗ ನನ್ನ ಮನಸ್ಸು ಇಚಲಕರಂಜಿಗೆ ಹೋಯಿತು. ಇಳಕಲ್ಲ ಸೀರೆಯವರಾದ ನಮಗೆ ಮಗ್ಗದ ಊರೆಂದು ಅದು ಗೊತ್ತು. ಅಲ್ಲಿ ಶಂಕರರಾವ್ ಕುಲಕರ್ಣಿ ಎಂಬವರು ತಾವೇ ಒಂದು ಸಣ್ಣ ಕಾರನ್ನು ಕಟ್ಟಿದ್ದರು. 1940ರ ದಶಕದಲ್ಲಿ ಕೈಹಾಕಿ, 1949ಕ್ಕೆ ಮೊದಲ ಮಾದರಿ ಮಾಡಿ, ಮುಂದೆ ಎರಡೂವರೆ ದಶಕ ಅದನ್ನೇ ತಿದ್ದುತ್ತ ಹೋದರು. ಗಾಡಿಯ ಹೆಸರು 'ಮೀರಾ'. ಬಡವನ ಕೈಗೆಟುಕುವ ಕಾರು ಮಾಡಬೇಕೆಂಬುದು ಅವರ ಹಟ. ಕಾರ್ಖಾನೆ ಮಾತ್ರ ಏಳಲೇ ಇಲ್ಲ. ಆ ಕಾಲದಲ್ಲಿ ಕಾರು ಮಾಡಲು ಬುದ್ಧಿ ಇದ್ದರೆ ಸಾಲದು, ಸರಕಾರದ ಪರವಾನಗಿ ಬೇಕಾಗಿತ್ತು. ನಮ್ಮ ಮಾವ ಅಲ್ಲಿಗೆ ಹೋಗಿ ನೋಡಿ ಕಲಿತು ಬಂದಿರಬಹುದೇ? ಆಸೆಯಿಂದ ಮೀರಾದ ಚಿತ್ರ ಹುಡುಕಿದೆ. ಅದಕ್ಕೆ ನಾಲ್ಕು ಗಾಲಿ.

ಮತ್ತೆ ಫೋಟೋಕ್ಕೇ ಬಂದೆ. ಈ ಸಲ ಗಾಡಿಯ ಮೈ ನೋಡಿದೆ. ಮೂಗಿನ ಕಡೆ ಅದು ತತ್ತಿಯ ಹಾಗೆ ಎಲ್ಲ ದಿಕ್ಕಿಗೂ ದುಂಡಗಿದೆ. ಇಲ್ಲಿ ನನಗೊಂದು ಅನುಮಾನ ಹುಟ್ಟಿತು. ಹಾಳೆಯನ್ನು ಲಟ್ಟಣಿಗೆಗೆ ಸುತ್ತಿದರೆ ಸರಾಗವಾಗಿ ಕೂಡುತ್ತದೆ. ಅದೇ ಹಾಳೆಯನ್ನು ತಂಬಿಗೆಯ ಹೊಟ್ಟೆಗೆ ಸುತ್ತಿ ನೋಡಿ, ನೆರಿಗೆ ಬಿದ್ದೇ ತೀರುತ್ತದೆ. ತಗಡಿನ ಗುಣವೂ ಅದೇ. ಒಂದು ದಿಕ್ಕಿಗೆ ಬಾಗಿಸುವುದನ್ನು ಯಾವ ಅಂಗಡಿಯಲ್ಲಾದರೂ ಮಾಡಬಹುದು. ಎರಡು ದಿಕ್ಕಿಗೆ ದುಂಡಗಾಗಬೇಕಾದರೆ ತಿಂಗಳುಗಟ್ಟಲೆ ಬಡಿಯಬೇಕು, ಇಲ್ಲವೆ ಅಚ್ಚು ಬೇಕು. ಬಾಗಿಲ ಕೆಳಗೊಂದು ಪೆಟ್ಟಿನ ಗುರುತಿತ್ತು. ತಗಡಾಗಿದ್ದರೆ ಅಲ್ಲಿ ತಗ್ಗು ಬೀಳಬೇಕಿತ್ತು. ಅದರ ಬದಲು ಜೇಡರ ಬಲೆಯಂಥ ಸೀಳುಗಳು ಹರಡಿದ್ದವು. ಅದು ಫೈಬರ್ ಗ್ಲಾಸು.

ಫೈಬರ್ ಗ್ಲಾಸಿನ ಮೈಯನ್ನು ಅಚ್ಚಿನೊಳಗೆ ಗಾಜಿನ ನಾರನ್ನು ಹಾಸಿ, ಅಂಟಿನಂಥ ರಾಳ ಬಳಿದು, ಗಟ್ಟಿಯಾದ ಮೇಲೆ ಬಿಡಿಸಿ ತೆಗೆಯುತ್ತಾರೆ. ಗೌರಿ ಹುಣ್ಣಿಮೆಗೆ ಸಕ್ಕರೆ ಆರತಿ ಮಾಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಕಟ್ಟಿಗೆಯ ಅಚ್ಚು ಕೆತ್ತಿಸುವುದೇ ದೊಡ್ಡ ಕೆಲಸ. ಒಮ್ಮೆ ಅಚ್ಚು ಮನೆಗೆ ಬಂದಿತೆಂದರೆ ಯಾರೂ ಒಂದೇ ಆರತಿ ಮಾಡಿ ಸುಮ್ಮನಾಗುವುದಿಲ್ಲ. ಈ ಕಾರಿಗೆ ಅಚ್ಚು ಇತ್ತೆಂದಾದರೆ ಇಂಥವೇ ಮತ್ತೆ ಹಲವು ಎಲ್ಲೋ ಇದ್ದವು. ಆ ಕ್ಷಣಕ್ಕೇ ನನಗೆ ತಿಳಿಯಿತು, ಮಾವ ಇದನ್ನು ಮಾಡಿಲ್ಲ. ತಿಳಿದದ್ದಕ್ಕೆ ಸಂತೋಷವೇನೂ ಆಗಲಿಲ್ಲ.

ಇನ್ನು ಮೂರು ಗಾಲಿ. ಆಟೋರಿಕ್ಷಾದ ಮೇಲೆ ಮೈ ಕೂಡಿಸಿದ್ದೇ ಎಂದರೆ, ಕಿಟಕಿಯೊಳಗೆ ಸ್ಕೂಟರಿನ ಹಿಡಿಕೆಯ ಬದಲು ದುಂಡನೆಯ ಸ್ಟೇರಿಂಗ್ ಕಾಣುತ್ತದೆ. ಇಂಗ್ಲೆಂಡಿನಲ್ಲಿ ರಿಲಯಂಟ್, ಬಾಂಡ್ ಎಂಬ ಮೂರು ಗಾಲಿಯ ಕಾರುಗಳು ಬಹಳ ದಿನ ಓಡಿದವು. ಅಲ್ಲಿ ಹಗುರಾದ ಮೂರು ಗಾಲಿಯ ಗಾಡಿಗೆ ತೆರಿಗೆ ಕಡಿಮೆ, ಮೋಟರ್ ಸೈಕಲ್ಲಿನ ಲೈಸೆನ್ಸಿನ ಮೇಲೆಯೇ ಓಡಿಸಬಹುದಿತ್ತು. ಆದರೆ ಅಂಥ ಗಾಡಿ ಹಡಗು ಹತ್ತಿ ನೇಸರಗಿಗೆ ಬರುವುದೆಂದರೇನು! ಹತ್ತಿರದಲ್ಲೇ ಹುಡುಕಬೇಕಿತ್ತು. ಬೆಳಗಾವಿಯ ಒಬ್ಬ ಹಳೆಯ ಮಿಸ್ತ್ರಿಗೆ ಫೋಟೋ ತೋರಿಸಿದೆ. ಅವರು ಕನ್ನಡಕವನ್ನೂ ಹಾಕಿಕೊಳ್ಳಲಿಲ್ಲ. "ಬಾದಲ್ ಐತಲ್ರೀ ಇದು. ನಮ್ಮ ಬೆಂಗಳೂರಿಂದ" ಎಂದರು.

ಬಾದಲ್! ಬೆಂಗಳೂರಿನ ಸನ್‌ರೈಸ್ ಆಟೋಮೋಟಿವ್ ಇಂಡಸ್ಟ್ರೀಸ್ ಎಂಬ ಕಂಪನಿ 1970ರ ದಶಕದ ನಡುವಿನಲ್ಲಿ ಹೊರತಂದ ಕಾರು. ಫೈಬರ್ ಗ್ಲಾಸಿನ ಮೈ, ಮುಂದೊಂದು ಹಿಂದೆರಡು ಗಾಲಿ, ಹಿಂಬದಿಯಲ್ಲಿ ಸ್ಕೂಟರಿನಷ್ಟೇ ಸಣ್ಣದಾದ 198 ಸಿಸಿ ಎಂಜಿನ್. ಮನೆಗೆ ಬಂದು ಮೊಮ್ಮಗನ ಮೊಬೈಲಿನಲ್ಲಿ ಬಾದಲ್‌ನ ಚಿತ್ರ ತೆಗೆಸಿ ನಮ್ಮ ಫೋಟೋದ ಪಕ್ಕ ಹಿಡಿದೆ. ಅವಳಿ ಮಕ್ಕಳ ಹಾಗೆ ಇದ್ದವು.

ಅಂಥ ಗಾಡಿ ಯಾಕೆ ಹುಟ್ಟಿತೆಂಬುದನ್ನು ಆ ಕಾಲ ನೋಡಿದವರು ಬಲ್ಲರು. ಆಗ ಕಾರೆಂದರೆ ಅಂಬಾಸಡರ್, ಇಲ್ಲವೆ ಫಿಯಾಟ್. ದುಡ್ಡು ಕಟ್ಟಿ ವರ್ಷಗಟ್ಟಲೆ ಪಾಳಿ ಕಾಯಬೇಕು. 1973ರಲ್ಲಿ ಅರಬ್ ದೇಶಗಳ ತೈಲದ ಬಿಕ್ಕಟ್ಟಿನಿಂದ ಪೆಟ್ರೋಲಿನ ದರ ಏರಿ ಕೂತಿತ್ತು. ಸಣ್ಣ ಎಂಜಿನ್, ಅಚ್ಚಿನ ಮೈ, ಒಂದು ಗಾಲಿ ಕಡಿಮೆ ಎಂದರೆ ಖರ್ಚೂ ಕಡಿಮೆ. ಮೂರಕ್ಕೆ ತನ್ನದೇ ಗುಣವೂ ಉಂಟು. ಒಲೆಗೆ ಮೂರು ಗುಂಡು ಇಟ್ಟರೆ ನೆಲ ಹೇಗೇ ಇರಲಿ ಗಡಿಗೆ ಅಲುಗದು. ಆದರೆ ಒಲೆ ಓಡುವುದಿಲ್ಲ, ಗಾಡಿ ಓಡುತ್ತದೆ. ಒಂದೇ ಗಾಲಿ ಮುಂದಿದ್ದ ಗಾಡಿ ತಿರುವಿನಲ್ಲಿ ಒಂದು ಮಗ್ಗುಲಿಗೆ ವಾಲುತ್ತದೆ. ಬಾದಲ್‌ಗೂ ಮುಂದೆ ನಾಲ್ಕು ಗಾಲಿ ಬಂದವು. ನಂತರ ಸಿಪಾನಿ ಎಂಬ ಹೆಸರಿನಲ್ಲಿ ಅದೇ ಬಳಗದವರು ಇಂಗ್ಲೆಂಡಿನ ರಿಲಯಂಟ್ ಕಿಟನ್ ಮಾದರಿಯ ಮೇಲೆ 'ಡಾಲ್ಫಿನ್' ಮಾಡಿದರು. ಅಷ್ಟರಲ್ಲಿ 1983ರ ಡಿಸೆಂಬರ್ 14ರಂದು ಮೊದಲ ಮಾರುತಿ 800ರ ಕೀಲಿಕೈಯನ್ನು ಇಂದಿರಾ ಗಾಂಧಿ ಕೊಟ್ಟರು. ಬಾದಲ್ ಎಂದರೆ ಹಿಂದಿಯಲ್ಲಿ ಮೋಡ. ಮೋಡದ ಹಾಗೆಯೇ ಬಂದು ಸರಿದು ಹೋಯಿತು.

ಗಾಡಿಯ ಹೆಸರು ಸಿಕ್ಕಿತು ನಿಜ. ಆದರೆ ಎಂಬತ್ತು ದಾಟಿದ ಅತ್ತಿಯ ಎದುರು ಇದನ್ನು ಹೇಗೆ ಹೇಳುವುದು? 'ನಿನ್ನ ಗಂಡ ಕಟ್ಟಿದ ಗಾಡಿ ಅಲ್ಲವಂತೆ' ಎನ್ನಲೇ? ಬಸ್ಸಿನಲ್ಲಿ ನೇಸರಗಿ ಮುಟ್ಟುವವರೆಗೂ ಮಾತು ಜೋಡಿಸಿದೆ, ಕೆಡಿಸಿದೆ.

ಅತ್ತಿ ಕಟ್ಟೆಯ ಮೇಲೆ ಕೂತು ಅವರೆ ಸುಲಿಯುತ್ತಿದ್ದಳು. ಫೋಟೋ ಕೈಗೆ ಕೊಟ್ಟು ಅಳುಕುತ್ತಲೇ ಹೇಳಿದೆ. ಅವಳು ನನ್ನನ್ನೇ ನೋಡಿ ನಕ್ಕಳು.

"ಅವರು ಮಾಡ್ಯಾರಂತ ಯಾರ್ ಅಂದ್ರವಾ ನಿನಗ? ಬೆಳಗಾವ್ಯಾಗ ಒಬ್ಬರ ಕಡಿಂದ ತಗೊಂಡಿದ್ದು ಅದು."

"ಮತ್ತ ನೀನ ಹೇಳ್ತಿದ್ದಿ ಅತ್ತಿ, ನಿಮ್ಮ ಮಾವ ಕಟ್ಟಿದ ಗಾಡಿ ಅಂತ!"

"ಹೌದು, ಕಟ್ಟಿದ್ದರು. ಎಲ್ಲಮ್ಮನ ಗುಡ್ಡಕ್ಕ ಹೋಗಾಕ ಎಲ್ಲಾರೂ ಚಕ್ಕಡಿ ಕಟ್ಟಿದರ ಇವರು ಆ ಗಾಡಿ ಕಟ್ಟಿದರು. ಕಟ್ಟೋದಂದ್ರ ಮಾಡೋದೇನ?"

ನಾನು ಬಾಯಿ ತೆರೆದವಳು ಹಾಗೆಯೇ ಉಳಿದೆ. ಹೌದಲ್ಲ! ನಮ್ಮ ಸೀಮೆಯಲ್ಲಿ ಚಕ್ಕಡಿ ಕಟ್ಟುವುದೆಂದರೆ ಎತ್ತು ಹೂಡಿ ಹೊರಡುವುದು. ಎತ್ತುಗಳು ಹಟ್ಟಿಯಿಂದ ಹೋದವು, ಮಾತು ಉಳಿಯಿತು. ಪಟ್ಟಣ ಸೇರಿದ ನಾವು ಅದನ್ನು ಮನೆ ಕಟ್ಟುವ 'ಕಟ್ಟು' ಎಂದು ತಿಳಿದೆವು. ನಲವತ್ತು ವರ್ಷದ ನಮ್ಮ ಬೀಗು ಒಂದು ಕ್ರಿಯಾಪದದ ಮೇಲೆ ನಿಂತಿತ್ತು. ಯಾರೂ ಸುಳ್ಳು ಹೇಳಿರಲಿಲ್ಲ. ಕೇಳಿದವರು ಮತ್ತೊಮ್ಮೆ ಕೇಳಿರಲಿಲ್ಲ, ಅಷ್ಟೆ.

ಅತ್ತಿಗೆ ಎಲ್ಲವೂ ನೆನಪಿತ್ತು. ಪೆಟ್ರೋಲಿಗೆ ಎಣ್ಣೆ ಬೆರೆಸಿ ಹಾಕುತ್ತಿದ್ದುದು, ಯರಗಟ್ಟಿಯ ಮೇಲೆ ಸವದತ್ತಿಗೆ ಹೋಗುವಾಗ ತಿರುವು ಬಂದಲ್ಲೆಲ್ಲ ಅವಳು ಮಗ್ಗುಲು ಬದಲಿಸಿ ಕೂರುತ್ತಿದ್ದುದು, ಕಬ್ಬಿನ ಚಕ್ಕಡಿಯ ಮೂಕಿ ಬಡಿದು ಬಾಗಿಲ ಕೆಳಗೆ ಸೀಳಿದ್ದು. ನಾನು ಸುಮ್ಮನೆ ಕೇಳಿದೆ, "ಗಾಡಿಗೆ ರೊಕ್ಕ ಎಲ್ಲಿಂದ ಬಂತು ಅತ್ತಿ?"

ಅವಳು ಫೋಟೋದಲ್ಲಿ ತನ್ನ ಕೈಯ ಮೇಲೆ ಬೆರಳಿಟ್ಟಳು. "ಬಳಿ ನೋಡು."

ಬರೀ ಗಾಜಿನ ಬಳೆ. ಅತ್ತಿಯ ಮದುವೆಯ ಫೋಟೋದಲ್ಲಿ ಎರಡೂ ಕೈಗೆ ಬಂಗಾರದ ಪಾಟಲಿಗಳಿರುವುದು ಎಲ್ಲರಿಗೂ ಗೊತ್ತು. ಆ ಎಂಟು ದಿನ ನಾನು ಭೂತಗನ್ನಡಿ ಹಿಡಿದು ಗಾಲಿ ನೋಡಿದೆ, ನಂಬರು ನೋಡಿದೆ, ಬಾಗಿಲಿನ ಸೀಳು ನೋಡಿದೆ. ಆ ಬಾಗಿಲಿಗೆ ಗೇಣು ದೂರದಲ್ಲಿದ್ದ ಕೈ ನೋಡಿರಲಿಲ್ಲ.

ಜಗತ್ತಿನ ಮೊದಲ ಕಾರುಗಳಲ್ಲೊಂದೆಂದು ಹೆಸರಾದ ಕಾರ್ಲ್ ಬೆಂಜ್‌ನ ಗಾಡಿಗೆ ಪೇಟೆಂಟು ಸಿಕ್ಕಿದ್ದು 1886ರಲ್ಲಿ. ಅದಕ್ಕೂ ಮೂರೇ ಗಾಲಿ. ಅವನ ಕಾರ್ಖಾನೆ ಉಳಿದದ್ದು ಹೆಂಡತಿ ಬೆರ್ತಾ ತವರಿನಿಂದ ತಂದ ವರದಕ್ಷಿಣೆಯ ಹಣದಿಂದ. 1888ರ ಆಗಸ್ಟಿನಲ್ಲಿ ಅವಳು ಗಂಡನಿಗೆ ಹೇಳದೆ ಇಬ್ಬರು ಮಕ್ಕಳನ್ನು ಕರೆದುಕೊಂಡು ಮಾನ್‌ಹೈಮ್‌ನಿಂದ ಪೋರ್ಟ್ಸ್‌ಹೈಮ್‌ನ ತವರಿಗೆ ಆ ಗಾಡಿಯಲ್ಲೇ ಹೊರಟಳು, ನೂರು ಕಿಲೋಮೀಟರಿಗೂ ಹೆಚ್ಚು ದಾರಿ. ಇಂಧನ ಮುಗಿದಾಗ ವೀಸ್ಲೋಹ್ ಊರಿನ ಔಷಧದ ಅಂಗಡಿಯಲ್ಲಿ ಕೊಂಡಳು. ಕೊಳವೆ ಕಟ್ಟಿದಾಗ ಟೋಪಿಯ ಪಿನ್ನಿನಿಂದ ಬಿಡಿಸಿದಳು. ಬ್ರೇಕು ಸವೆದಾಗ ಚಮ್ಮಾರನಿಂದ ತೊಗಲು ಹೊಡೆಸಿಕೊಂಡಳು. ಪೇಟೆಂಟಿನ ಕಾಗದದಲ್ಲಿ ಮಾತ್ರ ಕಾರ್ಲ್‌ನ ಹೆಸರೊಂದೇ ಇದೆ.

ಅತ್ತಿಗೆ ಈ ಕತೆ ಹೇಳಿದೆ. "ಪಾಪ, ಆಕಿ ಪಾಟಲಿ ತಿರುಗಿ ಬಂದ್ವೇನು?" ಎಂದು ಕೇಳಿದಳು. ಗಾಡಿ ಬಹಳ ದೊಡ್ಡದಾಯಿತು, ಬಂದಿರಬೇಕು ಎಂದೆ. "ನನ್ನವೂ ಬಂದ್ವು ಬಿಡು. ಅದನ್ನ ಮಾರಿದ ರೊಕ್ಕದಾಗ ಒಂದು ಬಂತು. ಇನ್ನೊಂದು ಗುಡ್ಡಕ್ಕ ಹೋಗಿ ಬಂದದ್ದರಾಗ ತೀರಿತು" ಎಂದು ಅವರೆಯ ಕಡೆ ತಿರುಗಿದಳು.

ಸಂಚಿಕೆ ಅಚ್ಚಾಗಿ ಬಂದಿದೆ. ಮಾವನ ಮಗನಿಗೆ ಮೊದಲು ಮನಸ್ಸಿಗೆ ಹತ್ತಲಿಲ್ಲ; ಎರಡು ದಿನ ನನ್ನೊಡನೆ ಮಾತೇ ಆಡಲಿಲ್ಲ. ಮೂರನೆಯ ದಿನ ಅವನೇ ಹೊಸ ಸಾಲು ಬರೆದು ಕಳಿಸಿದ. ಫೋಟೋದ ಕೆಳಗೆ ಈಗ ಹೀಗಿದೆ: 'ಬೆಂಗಳೂರಿನಲ್ಲಿ ತಯಾರಾದ ಬಾದಲ್ ಕಾರು, ನೇಸರಗಿ, ಸುಮಾರು 1981. ನಮ್ಮ ಅವ್ವನ ಬಂಗಾರದಲ್ಲಿ ಕೊಂಡದ್ದು. ನಮ್ಮ ಅಪ್ಪ ಎಲ್ಲಮ್ಮನ ಗುಡ್ಡಕ್ಕೆ ಕಟ್ಟಿದ್ದು.'

'ಕಟ್ಟಿದ್ದು' ಎಂಬುದನ್ನು ತಿದ್ದಬೇಕೇ ಎಂದು ಕೇಳಿದ. ಬೇಡ, ಹಾಗೆಯೇ ಇರಲಿ ಎಂದೆ.