ಸೌರವಿದ್ಯುತ್ತಿನ ಜಮೆ

ಮನೆಯ ಮಾಳಿಗೆಯ ಸೌರಫಲಕಗಳಲ್ಲಿ ಉತ್ಪನ್ನವಾಗಿ, ಗೃಹಕೃತ್ಯಕ್ಕೆ ವಿನಿಯೋಗವಾದ ಮೇಲೆ ಉಳಿದು ವಿತರಣಾ ಜಾಲಕ್ಕೆ ಹರಿಯುವ ವಿದ್ಯುತ್ತಿಗೆ ಪ್ರತಿಯಾಗಿ ಗ್ರಾಹಕನ ಬಿಲ್ಲಿನಲ್ಲಿ ದೊರೆಯುವ ವಜಾ. ಉಳಿತಾಯವು ಫಲಕಗಳ ಸಾಮರ್ಥ್ಯವನ್ನು ಮಾತ್ರವಲ್ಲದೆ ಈ ಜಮೆಯ ದರವನ್ನೂ ಅವಲಂಬಿಸಿರುವುದೆಂಬುದಕ್ಕೆ ಅಮೆರಿಕದ ಕ್ಯಾಲಿಫೋರ್ನಿಯ ಸ್ಪಷ್ಟ ನಿದರ್ಶನ. ಅಲ್ಲಿ ಮೊದಲು ನಿವ್ವಳ ಮಾಪನ ಪದ್ಧತಿಯಿದ್ದು, ಮಧ್ಯಾಹ್ನ ಹೊರಗೆ ಹೋದ ಒಂದು ಯೂನಿಟ್ಟು ಒಳಗೆ ಬಂದ ಯೂನಿಟ್ಟಿಗೆ ಬಹುಮಟ್ಟಿಗೆ ಸಮನಾಗಿ ಪರಿಗಣಿತವಾಗುತ್ತಿತ್ತು. 2023ರ ಏಪ್ರಿಲ್ 15ರಿಂದೀಚೆಗೆ ಮೂರು ದೊಡ್ಡ ಖಾಸಗಿ ಕಂಪೆನಿಗಳ ಜಾಲಕ್ಕೆ ಹೊಸದಾಗಿ ಸೇರಲು ಅರ್ಜಿ ಸಲ್ಲಿಸಿದವರಿಗೆ, ಚಿಲ್ಲರೆ ದರಕ್ಕೆ ಬದಲಾಗಿ, ಆ ಗಳಿಗೆಯಲ್ಲಿ ಕಂಪೆನಿಗೆ ಉಳಿಯುವ ವೆಚ್ಚವನ್ನು ಅನುಸರಿಸಿ ಗಂಟೆಗಂಟೆಗೂ ಮಾರ್ಪಡುವ ದರ ಜಾರಿಗೆ ಬಂದುದರಿಂದ ಜಮೆ ಸರಾಸರಿ ಮುಕ್ಕಾಲು ಪಾಲಿನಷ್ಟು ಕುಗ್ಗಿತು.

ತಿಂಗಳಿಗೆ 300 ಯೂನಿಟ್ಟು ಉತ್ಪಾದಿಸಿ, ಹಗಲಲ್ಲಿ 100ನ್ನು ಬಳಸಿ, 200ನ್ನು ಕಳುಹಿಸಿ, ರಾತ್ರಿ 200ನ್ನು ಪಡೆಯುವ ಕುಟುಂಬವೊಂದನ್ನು ಭಾವಿಸಿದರೆ, ಹಳೆಯ ಪದ್ಧತಿಯಲ್ಲಿ ಅದರ ವಿದ್ಯುತ್ ಶುಲ್ಕವು ಬಹುಪಾಲು ಶೂನ್ಯವಾಗುತ್ತಿತ್ತು. ಹೊಸದರಲ್ಲಿ ರಾತ್ರಿಯ ಶುಲ್ಕದ ಸುಮಾರು ಕಾಲು ಭಾಗ ಮಾತ್ರ ತೀರುವುದು. ಆದಕಾರಣ ಹಗಲಿನ ಶಕ್ತಿಯನ್ನು ಬ್ಯಾಟರಿಯಲ್ಲಿ ಸಂಗ್ರಹಿಸಿ ಸಾಯಂಕಾಲ ಸ್ವತಃ ಬಳಸುವುದೇ ಅಲ್ಲಿ ಲಾಭಕರವಾಗಿದೆ. ಹಿಂದೆ ಸೇರಿದವರಿಗೆ ಹಳೆಯ ನಿಯಮವೇ, ಸಂಪರ್ಕ ದೊರೆತಂದಿನಿಂದ 20 ವರ್ಷಗಳವರೆಗೆ, ಅನ್ವಯಿಸುತ್ತದೆ.