ಗಿಳಿ ಉಳಿಸಿಕೊಂಡ ಮಾತು



ಅರ್ಥ ತಿಳಿಯದೆ ಬಾಯಿಪಾಠ ಒಪ್ಪಿಸುವ ಮಕ್ಕಳನ್ನು ನೋಡಿ ‘ಗಿಳಿಪಾಠ’ ಎಂದು ನಗುತ್ತೇವೆ. ಆದರೆ ಗಿಳಿಯ ಕಲಿಕೆ ಅಷ್ಟು ಹಗುರವಾದದ್ದಲ್ಲ.

ಗಿಳಿಯ ದನಿ ಹುಟ್ಟುವುದು ಶ್ವಾಸನಾಳದ ಬುಡದಲ್ಲಿರುವ ‘ಸಿರಿಂಕ್ಸ್’ ಎಂಬ ಅಂಗದಲ್ಲಿ. ಅದರ ದಪ್ಪ ನಾಲಿಗೆ ಆ ದನಿಯನ್ನು ತಿದ್ದುತ್ತದೆ. ಏನು ನುಡಿಯಬೇಕೆಂಬುದನ್ನು ಅದು ಜೊತೆಯಲ್ಲಿರುವವರಿಂದ ಕೇಳಿ ಕಲಿಯುತ್ತದೆ. ವೆನೆಜುವೆಲಾದಲ್ಲಿ ವಿಜ್ಞಾನಿಗಳು ಪುಟ್ಟ ಗಿಳಿಗಳ ಮೊಟ್ಟೆಗಳನ್ನು ಗೂಡಿನಿಂದ ಗೂಡಿಗೆ ಬದಲಾಯಿಸಿ ನೋಡಿದರು. ಮರಿಗಳು ಕಲಿತದ್ದು ಹೆತ್ತವರ ಕೂಗನ್ನಲ್ಲ, ಸಾಕಿದವರ ಕೂಗನ್ನು! ಈ ಅಧ್ಯಯನ ಪ್ರಕಟವಾದದ್ದು 2011ರಲ್ಲಿ. ಪಂಜರದ ಗಿಳಿಗೆ ನಾವೇ ಬಂಧು ಬಳಗ. ಅದಕ್ಕೇ ನಮ್ಮ ಮಾತು ಅದರ ಮಾತಾಗುತ್ತದೆ.

ಅದೇ ನಾಡಿನಲ್ಲಿ ಹರಿಯುವ ಒರಿನೋಕೊ ನದಿಯಲ್ಲಿ 1800ರಲ್ಲಿ ಜರ್ಮನ್ ವಿಜ್ಞಾನಿ ಅಲೆಕ್ಸಾಂಡರ್ ಫಾನ್ ಹಂಬೋಲ್ಟ್ ಪಯಣಿಸಿದ್ದ. ಮೈಪುರೆಸ್ ಎಂಬ ಊರಿನಲ್ಲಿ ಜನ ಅವನಿಗೆ ಒಂದು ಮುದಿ ಗಿಳಿಯನ್ನು ತೋರಿಸಿದರು. ಅದರ ಮಾತು ಯಾರಿಗೂ ಅರ್ಥವಾಗುತ್ತಿರಲಿಲ್ಲ. ಅಳಿದುಹೋದ ಅತೂರೆಸ್ ಬುಡಕಟ್ಟಿನ ಭಾಷೆಯನ್ನು ಅದು ಆಡುತ್ತಿದೆ ಎಂದರು ಊರವರು. ಹಂಬೋಲ್ಟ್ ಇದನ್ನು ತನ್ನ ಬರಹದಲ್ಲಿ ದಾಖಲಿಸಿದ್ದಾನೆ.

ಸದ್ದು ಉಳಿದಿತ್ತು, ಮರುಮಾತು ಕೊಡುವವರಿರಲಿಲ್ಲ.

ಊರು ಬಿಟ್ಟು ಬಂದ ನಮಗೆ ಈ ಕತೆ ತೀರ ದೂರದ್ದೇನಲ್ಲ. ಮನೆಯಲ್ಲಿ ಕನ್ನಡ ಕೇಳಿಸಿದರೆ ಸಾಲದು, ಮಕ್ಕಳು ಮಾತಿಗೆ ಮಾತು ಸೇರಿಸಬೇಕು. ಊಟಕ್ಕೆ ಕೂತಾಗ ಅವರೊಡನೆ ಕನ್ನಡದಲ್ಲಿ ಹರಟೆ ಹೊಡೆಯಿರಿ. ಅದಕ್ಕಾಗಿ ನಮ್ಮ ರೇಡಿಯೋ ದನಿಯನ್ನು ಸ್ವಲ್ಪ ತಗ್ಗಿಸಿದರೂ ನಮಗೆ ಬೇಸರವಿಲ್ಲ.