ಮೂವತ್ತೊಂಬತ್ತು ನಿಮಿಷ ಹಿಂದಿನ ಮಾಟುಂಗ

1930ರ ದಶಕದಲ್ಲಿ ಮಾಟುಂಗದಲ್ಲಿ ಬಾಡಿಗೆ ಮನೆ ಹಿಡಿದಿದ್ದ ಒಬ್ಬ ಕನ್ನಡಿಗರನ್ನು ಊಹಿಸಿಕೊಳ್ಳಿ. ಧಾರವಾಡದಿಂದ ಅವರಿಗೊಂದು ಅರ್ಜೆಂಟ್ ತಂತಿ ಬರುತ್ತದೆ. ಕಳಿಸಿದ ಹೊತ್ತು ಬೆಳಿಗ್ಗೆ 10:10 ಎಂದು ಅದರ ಮೇಲಿದೆ. ತಲೆ ಎತ್ತಿ ಗೋಡೆಯ ಗಡಿಯಾರ ನೋಡಿದರೆ 10:01. ಕಳಿಸುವುದಕ್ಕೆ ಒಂಬತ್ತು ನಿಮಿಷ ಮೊದಲೇ ಕೈ ಸೇರಿದ ತಂತಿ!

ಎರಡೂ ಕಡೆ ಯಾರ ಗಡಿಯಾರವೂ ಕೆಟ್ಟಿರಲಿಲ್ಲ. 1906ರ ಜನವರಿ 1ರಿಂದ ಭಾರತಕ್ಕೆಲ್ಲ ಒಂದೇ ಅಧಿಕೃತ ಸಮಯ, ಗ್ರೀನಿಚ್‌ಗಿಂತ ಐದೂವರೆ ಗಂಟೆ ಮುಂದೆ, ಎಂದಾಯಿತು. ರೈಲು ಮತ್ತು ತಂತಿ ಅದರಂತೆ ನಡೆದವು. ಆದರೆ ಬೊಂಬಾಯಿ ಒಪ್ಪಲಿಲ್ಲ. ಆ ಜನವರಿಯಲ್ಲೇ ಗಿರಣಿ ಕಾರ್ಮಿಕರು ಹೊಸ ಸಮಯದ ವಿರುದ್ಧ ಕೆಲಸ ನಿಲ್ಲಿಸಿದರು. ಕಾರ್ಪೊರೇಷನ್ ಹಳೆಯ ‘ಬಾಂಬೆ ಟೈಮ್’ ಅನ್ನೇ ಉಳಿಸಿಕೊಂಡಿತು. ಗ್ರೀನಿಚ್‌ಗಿಂತ 4 ಗಂಟೆ 51 ನಿಮಿಷ ಮುಂದಿದ್ದ ಆ ಸಮಯ ದೇಶದ ಸಮಯಕ್ಕಿಂತ 39 ನಿಮಿಷ ಹಿಂದೆ. 1955ರವರೆಗೂ ಅದು ಊರಿನಲ್ಲಿ ಬಳಕೆಯಲ್ಲಿತ್ತು. ಪ್ಲೇಗಿನ ನಂತರ ಇಂಪ್ರೂವ್‌ಮೆಂಟ್ ಟ್ರಸ್ಟ್ ಯೋಜಿಸಿದ, ದಕ್ಷಿಣದವರು ಬಂದು ನೆಲೆಯೂರಿದ, 1926ರಲ್ಲಿ ಹುಟ್ಟಿದ ಮೈಸೂರು ಅಸೋಸಿಯೇಷನ್ ಈಗಲೂ ಇರುವ ಮಾಟುಂಗದಲ್ಲಿ ರೈಲಿಗೆ ಒಂದು ಹೊತ್ತು, ಊರಿಗೆ ಇನ್ನೊಂದು.

ನಮ್ಮ ಬಾಡಿಗೆದಾರರು ಗಲಿಬಿಲಿಗೊಳ್ಳುವುದಿಲ್ಲ. ಕಳಿಸದೆ ತಂತಿ ಬರುವುದಿಲ್ಲ ಎಂಬುದು ಅವರಿಗೆ ಗೊತ್ತು. ಆದರೆ 10:05ಕ್ಕೆ ಅವರು ಉತ್ತರ ಬರೆದು ಮನೆಯ ಗಡಿಯಾರದ ಹೊತ್ತು ನಮೂದಿಸಿದರು ಅನ್ನಿ. ಮುಂದೊಂದು ದಿನ ಯಾರೋ ಗುಮಾಸ್ತ ಎರಡನ್ನೂ ಹೊತ್ತಿನ ಪ್ರಕಾರ ಜೋಡಿಸಿದರೆ ಪ್ರಶ್ನೆಗಿಂತ ಮೊದಲು ಉತ್ತರ ನಿಲ್ಲುತ್ತದೆ.

ಕಂಪ್ಯೂಟರು ಆ ಗುಮಾಸ್ತನೇ. 1975ರಲ್ಲಿ ಪಾಲ್ ಜಾನ್ಸನ್ ಮತ್ತು ರಾಬರ್ಟ್ ಥಾಮಸ್, ಒಂದೇ ಮಾಹಿತಿಯ ಪ್ರತಿಗಳನ್ನು ಬೇರೆ ಬೇರೆ ಯಂತ್ರಗಳಲ್ಲಿ ಸರಿಹೊಂದಿಸಿಡುವ ಬಗೆಯನ್ನು ಬರೆದರು. ಪ್ರತಿ ಬದಲಾವಣೆಗೂ ಹೊತ್ತಿನ ಮುದ್ರೆ ಒತ್ತುವುದು ಅವರ ಉಪಾಯ. ಅದನ್ನು ಓದಿದ ಲೆಸ್ಲಿ ಲ್ಯಾಂಪೋರ್ಟ್‌ಗೆ ಕಾರಣಕ್ಕಿಂತ ಮೊದಲು ಪರಿಣಾಮ ಬಂದುಬಿಡುವ ಅಪಾಯ ಕಂಡಿತು. ಅವರಿಗೆ ಸಾಪೇಕ್ಷತಾ ಸಿದ್ಧಾಂತದ ಪರಿಚಯವಿತ್ತು. ದೂರದ ಎರಡು ಘಟನೆಗಳಲ್ಲಿ ಯಾವುದು ಮೊದಲು ಎಂಬ ಪ್ರಶ್ನೆಗೆ ಎಲ್ಲ ಸಲವೂ ಉತ್ತರವಿರುವುದಿಲ್ಲ ಎಂದು ಅದು ಕಲಿಸುತ್ತದೆ. 1978ರ ಜುಲೈಯಲ್ಲಿ ಅವರ ಲೇಖನ ಪ್ರಕಟವಾಯಿತು.

ನಿಯಮ ಸರಳ. ನಿಮ್ಮಲ್ಲಿ ಏನೇ ನಡೆದರೂ ನಿಮ್ಮ ಎಣಿಕೆಯನ್ನು ಹೆಚ್ಚಿಸಿ. ಸಂದೇಶ ಕಳಿಸುವಾಗ ಆ ಎಣಿಕೆಯನ್ನೂ ಕಳಿಸಿ. ಬಂದ ಸಂದೇಶದ ಎಣಿಕೆ ನಿಮ್ಮದಕ್ಕಿಂತ ದೊಡ್ಡದಿದ್ದರೆ, ಅದನ್ನೂ ದಾಟಿ ಮುಂದೆ ಹೋಗಿ. ಹಿಂದೆ ಮಾತ್ರ ತಿರುಗಿಸಬೇಡಿ. ಮಾಟುಂಗದ ಮನೆಗೆ ಹಚ್ಚಿದರೆ: ತಂತಿಯ ಮೇಲೆ 10:10 ಇದೆಯೇ? ಗೋಡೆಯ ಗಡಿಯಾರವನ್ನು 10:11ಕ್ಕೆ ತಳ್ಳಿ, ಆಮೇಲೆ ಉತ್ತರ ಬರೆಯಿರಿ. ನಿಜವಾದ ಹೊತ್ತೆಷ್ಟು ಎಂದು ಯಾರೂ ಕೇಳುವುದಿಲ್ಲ, ಕೇಳಬೇಕಾಗಿಯೂ ಇಲ್ಲ.

ಅನುವಾದ ಮಾಡುವ ನನಗೆ ಇದು ಹೊಸದೆನಿಸುವುದಿಲ್ಲ. ‘ತಂತಿ ಓದಿ, ಉತ್ತರ ಬರೆದು, ಅಂಚೆಗೆ ಹಾಕಿದರು’ ಎಂಬ ವಾಕ್ಯದಲ್ಲಿ ಗಡಿಯಾರವೇ ಇಲ್ಲ, ಆದರೂ ಕ್ರಮ ತಪ್ಪುವುದಿಲ್ಲ. ‘ಓದಿ’, ‘ಬರೆದು’ ಎಂಬ ಕೃದಂತಗಳು ಅದನ್ನು ಹೊತ್ತಿವೆ. ಇಂಗ್ಲಿಷಿಗೆ ತರುವಾಗ ಮಾತ್ರ ‘ಆದಮೇಲೆ’ ಎಂಬಂಥ ಪದಗಳಿಗಾಗಿ ತಡಕಾಡುತ್ತೇನೆ.

ಕೃದಂತ ಜೋಡಿಸಲಾಗದ ಕಡೆ ಏನು? ಮಾಟುಂಗದಲ್ಲಿ ಇವರು, ಧಾರವಾಡದಲ್ಲಿ ಅವರು, ಒಬ್ಬರ ಸುದ್ದಿ ಇನ್ನೊಬ್ಬರಿಗೆ ತಲುಪುವ ಮೊದಲೇ ಬರೆದ ಎರಡು ಕಾಗದಗಳಲ್ಲಿ ಯಾವುದು ಮೊದಲು? ಲ್ಯಾಂಪೋರ್ಟ್ ಪ್ರಕಾರ ಎರಡೂ ಸಮಕಾಲೀನ. ಸಾಲಾಗಿ ನಿಲ್ಲಿಸಲೇಬೇಕಾದರೆ ಮೊದಲು ಎಣಿಕೆ ನೋಡಬೇಕು. ಅದೂ ಸಮವಾದರೆ ಯಂತ್ರಗಳ ಹೆಸರಿನ ಕ್ರಮವನ್ನೋ ಇನ್ನೇನನ್ನೋ ಎಲ್ಲರೂ ಮೊದಲೇ ಒಪ್ಪಿಕೊಂಡಿರಬೇಕು. ಆ ಸಾಲು ಒಂದು ಒಪ್ಪಂದ, ಇತಿಹಾಸವಲ್ಲ. ಸಣ್ಣ ಎಣಿಕೆ ಇದ್ದ ಮಾತ್ರಕ್ಕೆ ಅದು ಇನ್ನೊಂದಕ್ಕೆ ಕಾರಣವಾಗಿತ್ತು ಎಂದು ಹೇಳಲೂ ಆಗುವುದಿಲ್ಲ.

ಆ ಕೊರತೆಯನ್ನು ತುಂಬಿದ್ದು 1988ರಲ್ಲಿ, ಕಾಲಿನ್ ಫಿಜ್ ಮತ್ತು ಫ್ರೀಡೆಮನ್ ಮಾಟರ್ನ್, ಒಬ್ಬರಿಗೊಬ್ಬರು ತಿಳಿಯದಂತೆ. ಒಂದೇ ಎಣಿಕೆಯ ಬದಲು ಪ್ರತಿ ಯಂತ್ರಕ್ಕೊಂದರಂತೆ ಎಣಿಕೆಗಳ ಸಾಲನ್ನೇ ಸಂದೇಶದ ಜೊತೆ ಕಳಿಸಬೇಕು: ನನ್ನಲ್ಲಿ ಇಷ್ಟು ನಡೆದಿದೆ, ನಿನ್ನದು ಇಷ್ಟರವರೆಗೆ ನನಗೆ ಗೊತ್ತು, ಮೂರನೆಯವರದು ಇಷ್ಟು. ಎರಡು ಸಾಲುಗಳನ್ನು ಹೋಲಿಸಿದರೆ ಯಾವುದು ಮೊದಲು, ಯಾವುದು ಸಮಕಾಲೀನ ಎರಡೂ ಗೊತ್ತಾಗುತ್ತವೆ. ಖರ್ಚೂ ಇದೆ: ಯಂತ್ರಗಳು ಸಾವಿರವಾದರೆ, ‘ಊಟ ಆಯ್ತಾ?’ ಎಂಬ ಸಂದೇಶದ ಬೆನ್ನ ಮೇಲೂ ಸಾವಿರ ಅಂಕಿಗಳು.